ಭಾಮೆಯ ಮುನಿಸು, ಕುಲಗೋಡದ ಮಾತು

ಗೋಕಾಕ ಸೀಮೆಯಲ್ಲಿ ಆಟವನ್ನು ಹಚ್ಚುತ್ತಾರೆ, ದೀಪ ಹಚ್ಚಿದ ಹಾಗೆ. "ಈ ಸಲ ಜಾತ್ರ್ಯಾಗ ಪಾರಿಜಾತ ಹಚ್ಯಾರ" ಎಂದರೆ ಸಾಕು, ಸುತ್ತಲಿನ ಊರುಗಳಿಗೆ ಮತ್ತೇನೂ ಹೇಳಬೇಕಿಲ್ಲ. ಯಾವ ಪಾರಿಜಾತ, ಯಾರ ಕಥೆ ಎಂದು ಕೇಳುವವರೂ ಇಲ್ಲ. ಉತ್ತರ ಕರ್ನಾಟಕದ ಮಂದಿಗೆ 'ಶ್ರೀಕೃಷ್ಣ ಪಾರಿಜಾತ' ಎಂದೊಡನೆ ನೆನಪಾಗುವ ಊರು ಕುಲಗೋಡ, ನೆನಪಾಗುವ ಹೆಸರು ತಮ್ಮಣ್ಣ.

ಕುಲಗೋಡ ಮೊದಲು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಅಲ್ಲಿನ ಪಾರಿಜಾತ ಹಾಡಿನಲ್ಲೇ ಕಥೆ ನಡೆಸುವ ಆಟ. ಇಂಥ ನಾಟಕಕ್ಕೆ ಇಟಲಿಯವರು ಒಪೆರಾ ಎಂದರು. 1637ರಲ್ಲಿ ವೆನಿಸ್ ನಗರದಲ್ಲಿ ಅದಕ್ಕಾಗಿಯೇ ಸಾರ್ವಜನಿಕ ರಂಗಮಂದಿರವನ್ನೂ ತೆರೆದರು. ಮುಂಬೈಯ ರಾಯಲ್ ಒಪೆರಾ ಹೌಸನ್ನು 1911ರಲ್ಲಿ ಐದನೇ ಜಾರ್ಜ್ ದೊರೆ ಉದ್ಘಾಟಿಸಿದ. ಕುಲಗೋಡದ ಒಪೆರಾಕ್ಕೆ ಗುಡಿಯ ಮುಂದಿನ ಬಯಲು ಸಾಕಾಗಿತ್ತು. ಒಂದು ಅಟ್ಟ, ಮೇಲೊಂದು ಚಪ್ಪರ, ಮೂರೂ ಕಡೆ ಕಂಬಳಿ ಹಾಸಿ ಕುಳಿತ ಮಂದಿ. ಬೆಳಗಾದ ಮೇಲೆ ಅಟ್ಟ ಬಿಚ್ಚಿದರೆ ಅಲ್ಲೊಂದು ರಂಗಮಂದಿರವಿತ್ತು ಎಂಬುದಕ್ಕೆ ಗುರುತೂ ಉಳಿಯುತ್ತಿರಲಿಲ್ಲ. ಹಾಗಾಗಿ ಇಲ್ಲಿನ ರಂಗಚರಿತ್ರೆಯನ್ನು ಮಂದಿಯ ಬಾಯಲ್ಲೇ ಹುಡುಕಬೇಕು.

ಈ ಚರಿತ್ರೆಯಲ್ಲಿ ಇಬ್ಬರು ತಮ್ಮಣ್ಣರಿದ್ದಾರೆ. ರಾಯಚೂರು ಭಾಗದ ಅಪರಾಳದ ತಮ್ಮಣ್ಣ ಮೊದಲು ಪಾರಿಜಾತವನ್ನು ಪದಗಳಲ್ಲಿ, ಅಂದರೆ ಹಾಡುಗಳಲ್ಲಿ, ಕಟ್ಟಿದ. ಆಮೇಲೆ ಬಂದ ಕುಲಗೋಡದ ತಮ್ಮಣ್ಣ 19ನೇ ಶತಮಾನದಲ್ಲಿ ಅದನ್ನು ಕೈಗೆತ್ತಿಕೊಂಡು ತಿದ್ದಿ, ಬೆಳೆಸಿ, ಅಟ್ಟದ ಮೇಲೆ ಕುಣಿಯುವಂತೆ ಮಾಡಿದ. ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ಕಾಲದಲ್ಲಿ ಒಂದೇ ಕೃತಿಗೆ ದುಡಿದದ್ದರಿಂದ ಯಾರ ಪದ ಯಾವುದು ಎಂದು ಬಿಡಿಸುವುದು ಈಗಲೂ ತೊಡಕಿನ ಕೆಲಸವೇ. ಆದರೆ ಜನ ಆಟವನ್ನು ಕುಲಗೋಡದ ಹೆಸರಿಗೇ ಬರೆದರು. ಅದಕ್ಕೆ ಕಾರಣವೂ ಇದೆ.

ಕಥೆ ಹಳೆಯದು. ಹರಿವಂಶದಲ್ಲಿದೆ, ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ತೆಲುಗಿನಲ್ಲಿ ಅದನ್ನೇ ಕಾವ್ಯ ಮಾಡಿದ್ದ. ನಾರದ ಸ್ವರ್ಗದಿಂದ ಒಂದು ಪಾರಿಜಾತದ ಹೂ ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿದು ಮಲಗುತ್ತಾಳೆ. ಪುರಾಣ ಇಲ್ಲಿಂದ ಇಂದ್ರನೊಡನೆ ಯುದ್ಧಕ್ಕೆ ಓಡುತ್ತದೆ. ಕುಲಗೋಡದ ಆಟಕ್ಕೆ ಆ ಅವಸರವಿಲ್ಲ. ಇಬ್ಬರು ಹೆಂಡಿರ ಮನೆಯ ಜಗಳದಲ್ಲೇ ಇಡೀ ರಾತ್ರಿ ಕಳೆಯುವಷ್ಟು ಸರಕಿದೆ ಎಂದು ತಮ್ಮಣ್ಣನಿಗೆ ಗೊತ್ತಿತ್ತು. ನಡುವೆ ಗೊಲ್ಲತಿಯ ಪ್ರಸಂಗ ಬರುತ್ತದೆ, ಕೊರವಂಜಿ ಬಂದು ಕಣಿ ಹೇಳುತ್ತಾಳೆ. ಕಿರೀಟ, ಭುಜಕೀರ್ತಿ, ಅಬ್ಬರದ ಯುದ್ಧಗಳ ದೊಡ್ಡಾಟದ ಪಕ್ಕದಲ್ಲಿ ಇದು ಮೆಲುದನಿಯ ಸಂಗೀತದ ಆಟ. ವಿದ್ವಾಂಸರು ಇದನ್ನು ಸಣ್ಣಾಟದ ಸಾಲಿಗೆ ಸೇರಿಸುತ್ತಾರೆ.

ಹತ್ತಿರ ಕುಳಿತು ನೋಡಿದರೆ ಆಟದ ಗುಟ್ಟು ತಿಳಿಯುತ್ತದೆ. ಪದಗಳು ಕವಿಯವು, ಅವನ್ನು ಕದಲಿಸುವಂತಿಲ್ಲ. ಪದ ಮುಗಿದೊಡನೆ ಬರುವ ಮಾತು ಮಾತ್ರ ನಟರದು, ಆ ರಾತ್ರಿಯದು. ಭಾಗವತ ಮೇಳ ನಡೆಸುವುದರ ಜೊತೆಗೆ ಬಂದ ಪಾತ್ರವನ್ನೆಲ್ಲ ಕೆಣಕುವ ಜಾಣ. ಪಟ್ಟೆಸೀರೆಯ ಭಾಮೆ ಸೆರಗು ಸರಿಮಾಡಿಕೊಂಡು ನಿಂತರೆ, "ಯಾವೂರವ್ವಾ ನಿಂದು?" ಎಂದು ಕೇಳಿಯೇಬಿಡುತ್ತಾನೆ. ದ್ವಾರಕೆಯ ರಾಣಿ ಅಪ್ಪಟ ಗೋಕಾಕ ಮಾತಿನಲ್ಲಿ ಅವನ ನೀರಿಳಿಸಬೇಕು. ಹಾರ್ಮೋನಿಯಂನವರು ಶ್ರುತಿ ಹಿಡಿದೇ ಇರುತ್ತಾರೆ. ಮಾತು ಎಲ್ಲಿ ಪದಕ್ಕೆ ಹೊರಳುತ್ತದೆಂದು ತಬಲದವರ ಕಣ್ಣು ಭಾಮೆಯ ಮೇಲೆಯೇ. ಮುಂದೆ ಕುಳಿತ ಹೆಂಗಸರು ತಮ್ಮ ಮನೆಯ ಸಂಗತಿಯನ್ನೇ ಕೇಳುತ್ತಿರುವಂತೆ ತಲೆಯಾಡಿಸುತ್ತಾರೆ. ಪುರಾಣದ ಹೆಣ್ಣಿಗೆ ನೆರೆಮನೆಯವಳ ನಾಲಿಗೆ ಸಿಕ್ಕಿದ್ದು ಇಲ್ಲಿ. ಈ ಆಟದ ದೊಡ್ಡತನ ಇರುವುದೂ ಇದರಲ್ಲೇ.

ಕುಲಗೋಡದ ನೆರೆಯ ಕೌಜಲಗಿಯಿಂದ ಬಂದ ನಿಂಗಮ್ಮ ಈ ಪರಂಪರೆಯ ಇನ್ನೊಂದು ದೊಡ್ಡ ಹೆಸರು. ಹೆಣ್ಣುಮಕ್ಕಳು ಅಟ್ಟ ಹತ್ತಿದರೆ ಊರು ಆಡಿಕೊಳ್ಳುತ್ತಿದ್ದ ಕಾಲದಲ್ಲಿ ಅವಳು ಹಾಡಿದಳು, ಅಭಿನಯಿಸಿದಳು, ಮೇಳವನ್ನೂ ನಡೆಸಿದಳು. 'ಕೌಜಲಗಿ ನಿಂಗಮ್ಮನ ಪಾರಿಜಾತ' ಎಂಬುದೇ ಒಂದು ಮಾತಾಯಿತು. ಕವಿಯ ಹೆಸರಿನ ಜೊತೆಗೆ ಕಲಾವಿದೆಯ ಹೆಸರೂ ಆಟಕ್ಕೆ ಅಂಟಿಕೊಂಡದ್ದು ನಮ್ಮ ಬಯಲಾಟಗಳಲ್ಲಿ ಅಪರೂಪ.

ಈ ನೆಲದ ಹಾಡಿನ ರುಚಿ ಗಡಿಯಾಚೆಗೂ ಹೋಯಿತು. ಮರಾಠಿ ಸಂಗೀತ ನಾಟಕದ ಹಿರಿಯ ಬಲವಂತ ಪಾಂಡುರಂಗ ಕಿರ್ಲೋಸ್ಕರ 1843ರಲ್ಲಿ ಹುಟ್ಟಿದ್ದು ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿ ಹೆಸರಾದವರ ಕಿವಿಯಲ್ಲಿ ಕನ್ನಡದ ಮಟ್ಟುಗಳೂ ಇದ್ದವು.

ಘಟಪ್ರಭೆಯ ದಂಡೆಯ ಘೋಡಗೇರಿ ಹುಕ್ಕೇರಿ ತಾಲೂಕಿನ ಊರು. ಅಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಇಂಥ ಆಟಗಳ ನಡುವೆಯೇ ಬೆಳೆದವರು. 'ಉತ್ತರ ಕರ್ನಾಟಕದ ಜನಪದ ರಂಗಭೂಮಿ' ಅವರ ಸಂಶೋಧನೆ. 'ಜೋಕುಮಾರಸ್ವಾಮಿ' ನಾಟಕದಲ್ಲಿ ಅದೇ ಬಯಲಾಟದ ಹಿಮ್ಮೇಳವನ್ನು ನಗರದ ರಂಗಕ್ಕೆ ತಂದರು. ಬಯಲಾಟ ಕಲಿಯಬೇಕಾದದ್ದು ಎಂದು ಓದಿದವರಿಗೆ ಮನವರಿಕೆ ಮಾಡಿದವರಲ್ಲಿ ಅವರು ಮುಂಚೂಣಿಯವರು.

ಈಚೆಗೆ ಪಾರಿಜಾತಕ್ಕೆ ಸಭಾಭವನ, ಮೈಕು, ಬಣ್ಣದ ಬೆಳಕು ಎಲ್ಲ ಸಿಕ್ಕಿವೆ. ಸಮಯ ಮಾತ್ರ ಸಿಗುತ್ತಿಲ್ಲ. ಉತ್ಸವಗಳಲ್ಲಿ ತಾಸೆರಡು ತಾಸಿನೊಳಗೆ ಮುಗಿಸಿ ಎನ್ನುತ್ತಾರೆ; ಆಗ ಪದಗಳು ಉಳಿಯುತ್ತವೆ, ಮಾತಿಗೆ ಕತ್ತರಿ ಬೀಳುತ್ತದೆ. ಪದಗಳನ್ನು ಅಚ್ಚಿನ ಪುಸ್ತಕದಿಂದ ಕಲಿಯಬಹುದು. ಭಾಗವತನಿಗೆ ತಿರುಗೇಟು ಕೊಡುವ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಹುಡುಗ ಹುಡುಗಿಯರು ಹಿರಿಯ ಕಲಾವಿದರ ಪಕ್ಕದಲ್ಲಿ ರಾತ್ರಿಗಳನ್ನು ಕಳೆದೇ ಕಲಿಯಬೇಕು. ಜಾತ್ರೆಯ ರಾತ್ರಿ ಗಡಿಯಾರ ನೋಡದೆ ಆಟ ಹಚ್ಚುವ ಊರುಗಳಲ್ಲಿ ಮಾತ್ರ ಭಾಮೆ ಈಗಲೂ ಮನದಣಿಯೆ ಜಗಳಾಡುತ್ತಾಳೆ, ಅವಳ ಮುನಿಸು ತಿಳಿಯಾಗುವ ಹೊತ್ತಿಗೆ ಮೂಡಣ ಬೆಳ್ಳಗಾಗಿರುತ್ತದೆ.