ಭೀಮಾ ತೀರದ ಔಷಧದಾನ

1986ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿ ನಿಂತಿದ್ದ ಪೀಠದ ಕಲ್ಲನ್ನು ನೋಡಿದರೆ ಅದರ ಎರಡೂ ಮುಖಗಳಲ್ಲಿ ಬ್ರಾಹ್ಮಿ ಅಕ್ಷರಗಳು. ಅವು ಅಶೋಕನ ಶಾಸನಗಳು. ವಿಗ್ರಹದ ಬುಡ ಕೂರಿಸಲೆಂದು ಯಾವುದೋ ಕಾಲದ ಕಲ್ಲುಕುಟಿಗ ಅಕ್ಷರಗಳ ನಡುವೆಯೇ ತೂತು ಕೊರೆದಿದ್ದ. ಅಲ್ಲಿದ್ದ ಮಾತುಗಳು ಪುಡಿಯಾಗಿ ಹೋಗಿದ್ದವು. ಉಳಿದದ್ದರಲ್ಲಿ 12 ಮತ್ತು 14ನೆಯ ಶಿಲಾಶಾಸನಗಳ ಭಾಗಗಳಿದ್ದವು. ಜೊತೆಗೆ, ಅಲ್ಲಿಯವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಷ್ಟೇ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳೂ ಇದ್ದವು.

ಈ ಕಲ್ಲು ಒಂಟಿಯಾಗಿ ನಿಂತದ್ದಲ್ಲ, ಇದಕ್ಕೆ ಜೊತೆಗಲ್ಲುಗಳಿದ್ದಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ. ಹಾಗಿದ್ದರೆ ಎರಡನೆಯ ಶಿಲಾಶಾಸನವೂ ಭೀಮಾ ತೀರದಲ್ಲಿ ಓದಿಸಿಕೊಂಡಿರಬಹುದು. ಗಿರ್ನಾರ್ ಮುಂತಾದೆಡೆ ಉಳಿದಿರುವ ಆ ಶಾಸನ ಔಷಧದಾನದ ಇತಿಹಾಸಕ್ಕೆ ಬಲು ಮುಖ್ಯವಾದ ದಾಖಲೆ. ಮನುಷ್ಯರಿಗೆ ಒಂದು, ಪಶುಗಳಿಗೆ ಒಂದು ಎಂದು ಎರಡು ಬಗೆಯ ಚಿಕಿತ್ಸೆಯ ಏರ್ಪಾಡನ್ನು ಅಶೋಕ ಅದರಲ್ಲಿ ಹೇಳುತ್ತಾನೆ. ತನ್ನ ರಾಜ್ಯದೊಳಗೆ ಮಾತ್ರವಲ್ಲ, ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ನಾಡುಗಳಲ್ಲಿ, ತಾಮ್ರಪರ್ಣಿಯಲ್ಲಿ, ಯವನರಾಜ ಆಂಟಿಯೋಕಸನ ಸೀಮೆಯಲ್ಲೂ ಅದು ನಡೆದಿದೆ ಎನ್ನುತ್ತಾನೆ. ಔಷಧದ ಗಿಡ, ಬೇರು, ಹಣ್ಣು ಎಲ್ಲಿ ಇರಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ್ದಾನೆ. ದಾರಿಯಲ್ಲಿ ಬಾವಿ ತೋಡಿಸಿದ್ದಾನೆ. ಮದ್ದನ್ನು ಕಳಿಸಿ ಸುಮ್ಮನಾಗದೆ ಮದ್ದಿನ ಗಿಡವನ್ನೇ ಅಲ್ಲಿ ಬೇರೂರಿಸಿದ್ದು ಗಮನಿಸಬೇಕಾದ ವಿವೇಕ. ಹೊರನಾಡಿನ ರೋಗಿಗೂ ನೆರವು ಸಲ್ಲಬೇಕೆಂಬ ವಿಚಾರ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಕಲ್ಲಿಗೆ ಇಳಿದಿತ್ತು.

ಆದೇಶ ಹೊರಡಿಸಿದರೆ ಕೆಲಸ ಆಗಿಬಿಡುವುದಿಲ್ಲ ಎಂಬುದು ಆ ದೊರೆಗೆ ಗೊತ್ತಿತ್ತು. ಸನ್ನತಿಯಲ್ಲಿ ಸಿಕ್ಕ ಪ್ರತ್ಯೇಕ ಶಾಸನಗಳು ಅಧಿಕಾರಿಗಳನ್ನು ಉದ್ದೇಶಿಸಿದವು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬ ಪ್ರಸಿದ್ಧ ಮಾತು ಬರುವುದು ಈ ಶಾಸನಗಳಲ್ಲೇ. ಧೌಲಿಯ ಪಾಠದ ಪ್ರಕಾರ, ಐದು ವರ್ಷಕ್ಕೊಮ್ಮೆ ಸೌಮ್ಯ ಸ್ವಭಾವದ ಮಹಾಮಾತ್ರರನ್ನು, ಅಂದರೆ ಹಿರಿಯ ಅಧಿಕಾರಿಗಳನ್ನು, ಸಂಚಾರಕ್ಕೆ ಕಳಿಸಿ, ಹೇಳಿದ್ದು ನಡೆಯುತ್ತಿದೆಯೇ ಎಂದು ನೋಡಿಸಬೇಕು. ತಿಷ್ಯ ನಕ್ಷತ್ರದ ದಿನ ಶಾಸನವನ್ನು ಓದಿ ಹೇಳಬೇಕು, ಕೇಳುವವನು ಒಬ್ಬನೇ ಇದ್ದರೂ ಸರಿ. ಕೊಡುವುದು, ಆಮೇಲೆ ಹೋಗಿ ನೋಡುವುದು: ಇವೆರಡನ್ನೂ ಒಂದೇ ಧರ್ಮವೆಂದು ಕಂಡ ಆಡಳಿತ ಅದು.

ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ 1990ರ ದಶಕದಲ್ಲಿ ಅಗೆದು ತೆಗೆದ ಮಹಾಸ್ತೂಪ ದಾನಿಗಳ ಇನ್ನೊಂದು ಲೋಕವನ್ನು ತೆರೆಯಿತು. ಅಲ್ಲಿಯ ಒಂದು ಸುಣ್ಣಗಲ್ಲಿನ ಫಲಕದಲ್ಲಿ ರಾಜ ರಾಣಿಯೊಡನೆ ನಿಂತಿದ್ದಾನೆ. ಪರಿಚಾರಕಿಯರು ಛತ್ರ, ಚಾಮರ ಹಿಡಿದಿದ್ದಾರೆ. ‘ರಾಯೋ ಅಸೋಕೋ’ ಎಂಬ ಹೆಸರು ಅಲ್ಲೇ ಕೊರೆದಿದೆ. ಆ ರಾಜನ ಸುತ್ತ ಸಿಕ್ಕ ನೂರಾರು ಕಿರುಶಾಸನಗಳಲ್ಲಿ ಗೃಹಸ್ಥರು, ಭಿಕ್ಷುಗಳು, ಭಿಕ್ಷುಣಿಯರು ತಾವು ಕೊಡಿಸಿದ ಕಲ್ಲಿನ ಮೇಲೆ ತಮ್ಮ ಹೆಸರು ಬರೆಸಿದ್ದಾರೆ. ಬೌದ್ಧ ಸಂಘಕ್ಕೆ ಗೃಹಸ್ಥರು ಒದಗಿಸಬೇಕಾದವು ನಾಲ್ಕು: ಚೀವರ, ಭಿಕ್ಷಾನ್ನ, ವಸತಿ, ರೋಗಿಗೆ ಔಷಧ. ವಿಹಾರವಿದ್ದ ಊರಿನಲ್ಲಿ ಮದ್ದು ಕೊಡುವುದು ಅನ್ನ ಕೊಡುವಷ್ಟೇ ಸಹಜವಾದ ಪುಣ್ಯವಾಗಿತ್ತು.

ಬೌದ್ಧರ ಮಾತು ತಗ್ಗಿದ ಮೇಲೂ ಆ ರೂಢಿ ನಿಲ್ಲಲಿಲ್ಲ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಜೈನರ ಚತುರ್ವಿಧ ದಾನಗಳಾದ ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳನ್ನು ಕನ್ನಡ ನಾಡಿನ ಶಾಸನಗಳು ಮತ್ತೆಮತ್ತೆ ಹೊಗಳುತ್ತವೆ. ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಜೈನ ವೈದ್ಯ ಉಗ್ರಾದಿತ್ಯ ಮಾಂಸಾಹಾರದ ನಿರರ್ಥಕತೆಯ ಬಗ್ಗೆ ವಾದ ಮಂಡಿಸಿದ ಪ್ರಸಂಗ ಅವನ ‘ಕಲ್ಯಾಣಕಾರಕ’ದ ಹಿತಾಹಿತ ಅಧ್ಯಾಯಕ್ಕೆ ಸೇರಿದ್ದು. ಮದ್ಯ, ಮಾಂಸ, ಮಧು ಬಿಟ್ಟು ಚಿಕಿತ್ಸೆ ಹೇಳುವ ಸಂಸ್ಕೃತ ಗ್ರಂಥ ಅದು. ವೈದ್ಯರು ರಾಜಸಭೆಯ ಮುಂದೆ ನಿಂತು ಪಥ್ಯದ ವಾದ ಹೂಡುವಷ್ಟು ವೈದ್ಯಕ್ಕೆ ಅಲ್ಲಿ ಗೌರವವಿತ್ತು.

ಚಿತ್ತಾಪುರದ ಬಗಲಲ್ಲಿರುವ ನಾಗಾವಿಯಲ್ಲಿ ಈಗ ಅರವತ್ತು ಕಂಬದ ಗುಡಿ ನಿಂತಿದೆ. 11ನೆಯ ಶತಮಾನದಲ್ಲಿ ನಾಗಾವಿ ಘಟಿಕಾಸ್ಥಾನ, ಅಂದರೆ ದೊಡ್ಡ ವಿದ್ಯಾಕೇಂದ್ರ. ಕಲ್ಯಾಣ ಚಾಲುಕ್ಯರ ದಂಡನಾಯಕ ಮಧುಸೂದನನ ದತ್ತಿಯನ್ನು ಹೇಳುವ 1058ರ ಶಾಸನ ವಿದ್ಯಾರ್ಥಿಗಳನ್ನು, ಉಪಾಧ್ಯಾಯರನ್ನು, ಸರಸ್ವತೀ ಭಂಡಾರವೆಂಬ ಗ್ರಂಥಾಲಯವನ್ನು ನೋಡಿಕೊಳ್ಳುವ ಆರು ಮಂದಿಯನ್ನು ಎಣಿಸಿ ಹೇಳುತ್ತದೆ. ಇದು ವಿದ್ಯಾದಾನವೇ ಹೊರತು ಔಷಧದಾನವಲ್ಲ. ಆದರೂ ಇಲ್ಲಿ ಇದರ ಮಾತು ಬರಲೇಬೇಕು, ಏಕೆಂದರೆ ದಾನವನ್ನು ನೂರು ವರ್ಷ ಉಳಿಸುವ ವಿಧಾನ ಈ ಶಾಸನದಲ್ಲಿ ನಿಚ್ಚಳವಾಗಿದೆ: ಕೆಲಸ ಮಾಡುವವನ ಜೀವನಕ್ಕೆ ಮೊದಲು ಭೂಮಿ ಬಿಡುವುದು. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಮಠವೂ ಹೀಗೆಯೇ ದತ್ತಿಗಳ ಬಲದಲ್ಲಿ ನಡೆಯಿತು. ಅನ್ನಸತ್ರ, ಪಾಠಶಾಲೆಗಳ ಜೊತೆಗೆ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಕೊಡುವ ಸ್ಥಾನವೂ ಅದಾಗಿತ್ತೆಂದು 1162ರ ಶಾಸನ ಸಾರುತ್ತದೆ.

ಬೀದರಿನಲ್ಲಿ ಇದೇ ನೀತಿ ಬಹಮನಿ ಸುಲ್ತಾನರ ಕೈಯಲ್ಲಿ ಮುಂದುವರಿಯಿತು. 1436ರಿಂದ 1458ರವರೆಗೆ ಆಳಿದ ಅಲಾವುದ್ದೀನ್ ಅಹ್ಮದ್ ಶಾ ಅಲ್ಲೊಂದು ದವಾಖಾನೆ ಕಟ್ಟಿಸಿದ. ರೋಗಿಗಳ ಊಟಕ್ಕೂ ಔಷಧಕ್ಕೂ ಹಳ್ಳಿಗಳ ಹುಟ್ಟುವಳಿ ಬಿಟ್ಟುಕೊಟ್ಟ. ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ನೇಮಿಸಿದ ಎಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ.

1871ರಲ್ಲಿ ಮುಂಬೈ ಕಡೆಯ ರೈಲು ಶಹಾಬಾದ್, ವಾಡಿಗಳನ್ನು ಹಾದು ರಾಯಚೂರು ಮುಟ್ಟಿತು. ಮೂರೇ ವರ್ಷದಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮನ ರೈಲು ಹೊರಟಿತು. ಹೀಗೆ ಹೊರನಾಡಿಗೆ ದಾರಿ ತೆರೆದ ಮೇಲಿನ ದಶಕಗಳಲ್ಲಿ ಮೆಥಡಿಸ್ಟ್ ಮಿಷನರಿಗಳು ಬೀದರ್, ಯಾದಗಿರಿಗಳಲ್ಲಿ ಆಸ್ಪತ್ರೆ ತೆರೆದರು. ಯಾದಗಿರಿಯ ಆಸ್ಪತ್ರೆಗೆ ಹೋಲ್ಸ್ಟನ್ ಎಂಬ ಹೆಸರು ಬಂದದ್ದು ಅಮೆರಿಕದ ಟೆನೆಸ್ಸಿ ಕಡೆಯ ಚರ್ಚುಗಳ ಒಕ್ಕೂಟದಿಂದ. ಭೀಮೆಯನ್ನು ಎಂದೂ ಕಾಣದ ಜನರ ಕಾಣಿಕೆ ಇಲ್ಲಿನ ರೋಗಿಯ ಮಂಚಕ್ಕೆ ಮುಟ್ಟುತ್ತಿತ್ತು. ಧರ್ಮಪ್ರಚಾರದ ಉದ್ದೇಶ ಅದರೊಂದಿಗೆ ಇದ್ದೇ ಇತ್ತು. ಹಾಗೆಂದು ಅಲ್ಲಿ ಆದ ಹೆರಿಗೆಗಳನ್ನೂ ಉಳಿದ ಜೀವಗಳನ್ನೂ ಅಲ್ಲಗಳೆಯುವುದು ನ್ಯಾಯವಲ್ಲ.

ಸ್ವಾತಂತ್ರ್ಯದ ನಂತರ ಊರವರೇ ಕೈ ಹಾಕಿದರು. ಮಹಾದೇವಪ್ಪ ರಾಂಪುರೆ 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. 1963ರಲ್ಲಿ ಅದರ ವೈದ್ಯಕೀಯ ಕಾಲೇಜು ಕಲಬುರಗಿಯಲ್ಲಿ ಆರಂಭವಾಯಿತು. ಇಷ್ಟಾದರೂ 2002ರ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರನ್ನೂ ಸೇರಿಸಿತು. ಚಿಂಚೋಳಿಯ ಕಾಡಂಚಿನ ತಾಂಡಾಗಳಿಂದ ದೊಡ್ಡ ಆಸ್ಪತ್ರೆಗೆ ಹೋಗಬೇಕಾದ ಗರ್ಭಿಣಿಗೆ ಕಲಬುರಗಿ ಇವತ್ತಿಗೂ ದೂರವೇ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನಂತರ ಕಟ್ಟಡಗಳಿಗೆ ಹಣ ಬರತೊಡಗಿದೆ. ಆದರೆ ಆಸ್ಪತ್ರೆಯನ್ನು ನಡೆಸುವುದು ತಜ್ಞ ವೈದ್ಯ, ನರ್ಸ್, ಪ್ರಯೋಗಾಲಯದ ಸಿಬ್ಬಂದಿ. ಅವರ ಹುದ್ದೆ ಖಾಲಿ ಉಳಿದರೆ ಹೊಸ ಗೋಡೆಯಿಂದ ಜ್ವರ ಇಳಿಯುವುದಿಲ್ಲ.

ಬೆಂಗಳೂರು, ಪುಣೆ, ಹೈದರಾಬಾದು, ಅಮೆರಿಕಗಳಲ್ಲಿ ನೆಲೆಸಿದ ಈ ಸೀಮೆಯವರು ಊರಿಗೆ ಏನಾದರೂ ಮಾಡಬೇಕೆನ್ನುತ್ತಾರೆ. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಯಂತ್ರವೊಂದನ್ನು ಕೊಂಡು ಕೊಡುವ ಮೊದಲು ಆ ಸಮಿತಿಯವರನ್ನು ಕಂಡು ಅದನ್ನು ನಡೆಸುವವರು ಯಾರು, ರಿಪೇರಿಗೆ ವರ್ಷಕ್ಕೆ ಎಷ್ಟು ಬೇಕು, ಯಾವ ಔಷಧಿ ತಿಂಗಳ ಕೊನೆಗೆ ಮುಗಿಯುತ್ತದೆ ಎಂದು ಕೇಳಲಿ. ಕೊಟ್ಟ ಮೇಲೆ ಜಾತ್ರೆಗೋ ಮದುವೆಗೋ ಬಂದಾಗಲೆಲ್ಲ ಸೇಡಂ, ಚಿತ್ತಾಪುರ, ಚಿಂಚೋಳಿಯ ತಾಲೂಕು ಆಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನು ಮಾತಾಡಿಸಿ ಬರಲಿ.