ಊನದ ಶೇಕಡಾ: ಅಪಘಾತ ಪರಿಹಾರದಲ್ಲಿ ವೈದ್ಯ ಸಾಕ್ಷ್ಯದ ಚರಿತ್ರೆ

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಗಾಯಾಳು ಸಾಕ್ಷಿ ಹೇಳಿ ಇಳಿದ ಮೇಲೆ ಕಟಕಟೆ ಏರುವವರು ಸಾಮಾನ್ಯವಾಗಿ ಮೂಳೆ ವೈದ್ಯರು. ದಾಖಲೆಯಲ್ಲಿ ಅವರು ಪಿಡಬ್ಲ್ಯೂ-2, ಅಂದರೆ ಅರ್ಜಿದಾರರ ಕಡೆಯ ಎರಡನೇ ಸಾಕ್ಷಿ. ಎಕ್ಸ್‌ರೇ, ಡಿಸ್ಚಾರ್ಜ್ ಸಾರಾಂಶ, ಕೀಲು ಎಷ್ಟು ಮಡಚುತ್ತದೆಂಬ ಅಳತೆ ಎಲ್ಲವನ್ನೂ ಅವರು ಹೇಳುತ್ತಾರೆ. ಆದರೆ ಎರಡೂ ಕಡೆಯ ವಕೀಲರು ಕಾದಿರುವುದು ಒಂದೇ ಒಂದು ಅಂಕಿಗೆ, ಶೇಕಡಾ ಎಷ್ಟು ಊನ ಎಂಬುದಕ್ಕೆ. ಈ ಅಂಕಿ ವೈದ್ಯಶಾಸ್ತ್ರದ ಕೊಡುಗೆ, ನ್ಯಾಯಾಲಯ ಅದನ್ನು ಗೌರವದಿಂದ ಪಡೆದುಕೊಂಡಿತು ಎಂಬುದು ರೂಢಿಯ ತಿಳಿವಳಿಕೆ. ಭಾರತದ ಕಾನೂನಿನ ಚರಿತ್ರೆ ಹೇಳುವುದು ಬೇರೆ. ಶೇಕಡಾವನ್ನು ಮೊದಲು ಬರೆದದ್ದು ಶಾಸನ. ವೈದ್ಯರ ಕೈಗೆ ಅದು ಆಮೇಲೆ ಬಂತು. ಕಳೆದ ಅರ್ಧ ಶತಮಾನದಲ್ಲಿ ನ್ಯಾಯಾಲಯಗಳು ಮಾಡಿದ ಮುಖ್ಯ ಕೆಲಸವೆಂದರೆ ಅದನ್ನು ವೈದ್ಯರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡದ್ದು.

1860ರ ದಂಡ ಸಂಹಿತೆಗೆ ಶೇಕಡಾ ಬೇಕಿರಲಿಲ್ಲ. ಅದರ 320ನೇ ಕಲಂ ಎಂಟು ಬಗೆಯ ಗಾಯಗಳನ್ನು ತೀವ್ರ ಗಾಯವೆಂದು ಎಣಿಸಿತು: ಕಣ್ಣು ಹೋದರೆ, ಕಿವಿ ಹೋದರೆ, ಮೂಳೆ ಅಥವಾ ಹಲ್ಲು ಮುರಿದರೆ, 20 ದಿನ ತೀವ್ರ ನೋವಿನಲ್ಲಿ ನರಳಿದರೆ ಅಥವಾ ನಿತ್ಯದ ಕೆಲಸ ಮಾಡಲಾಗದಿದ್ದರೆ, ಹೀಗೆ. ಗಾಯದ ಪ್ರಮಾಣಪತ್ರ ಬರೆಯುವ ವೈದ್ಯ ಹೌದು ಅಥವಾ ಅಲ್ಲ ಎಂದರೆ ಸಾಕಿತ್ತು. ಅಪರಾಧಿಗೆ ಶಿಕ್ಷೆ ಅಳೆಯಲು ಇದು ತಕ್ಕ ಮಾಪನ. ಗಾಯಾಳುವಿಗೆ ಹಣ ಕೊಡಬೇಕಾದಾಗ ಮಾತ್ರ ಹೌದು-ಅಲ್ಲ ಸಾಲುವುದಿಲ್ಲ, ಎಷ್ಟು ಎಂಬುದು ಬೇಕಾಗುತ್ತದೆ. ಆ ಎಷ್ಟು ಮೊದಲು ಬಂದದ್ದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ. ಮೊಣಕೈಯಲ್ಲಿ ಅಥವಾ ಅದರ ಮೇಲೆ ಬಲತೋಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ 70 ಶೇಕಡಾ ನಷ್ಟ, ಎಡತೋಳಿಗೆ 60, ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25. ಎಡಚನ ಗತಿಯೇನೆಂದು ಪಟ್ಟಿ ಕೇಳಲಿಲ್ಲ. ಗಮನಿಸಬೇಕಾದದ್ದು, ಇವು ದೇಹದ ನಷ್ಟದ ಅಂಕಿಗಳಲ್ಲ, ದುಡಿಮೆಯ ನಷ್ಟದ ಅಂಕಿಗಳು. ಯಾವ ಅಂಗವೆಂದು ವೈದ್ಯ ಹೇಳಬೇಕು, ಅದರ ಬೆಲೆಯನ್ನು ಕಾನೂನು ಹೇಳುತ್ತದೆ. ಈ ಕೆಲಸದ ಹಂಚಿಕೆ ಮಸುಕಾದದ್ದು 1984ರ ತಿದ್ದುಪಡಿಯಲ್ಲಿ: ಪಟ್ಟಿಯಲ್ಲಿಲ್ಲದ ಗಾಯಗಳಿಗೆ ಗಳಿಕೆಯ ನಷ್ಟವನ್ನು ಅರ್ಹ ವೈದ್ಯರೇ ಅಂದಾಜಿಸಬೇಕೆಂದು ಅದು ವಿಧಿಸಿತು. ಮೂಳೆ ಬಲ್ಲವರು ಕೂಲಿಯನ್ನೂ ಬಲ್ಲರೆಂಬ ಊಹೆ!

ಪಟ್ಟಿಯ ಮಿತಿ ಆ ಹೊತ್ತಿಗಾಗಲೇ ಬಯಲಾಗಿತ್ತು. ಎಡತೋಳನ್ನು ಮೊಣಕೈಯ ಮೇಲೆ ಕತ್ತರಿಸಬೇಕಾದ ಒಬ್ಬ ಬಡಗಿಯ ಮೊಕದ್ದಮೆ 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಪಟ್ಟಿಯ ಪ್ರಕಾರ ಇದು ಭಾಗಶಃ ಊನ ಎಂಬುದು ಮಾಲೀಕನ ವಾದ. ಬಡಗಿತನ ಒಂದು ಕೈಯಲ್ಲಿ ಆಗುವ ಕೆಲಸವಲ್ಲ, ಆದ್ದರಿಂದ ನಷ್ಟ ಪೂರ್ತಿ ಎಂದಿತು ನ್ಯಾಯಾಲಯ. ಈ ಮಾತು ಕಾರ್ಮಿಕ ಕಾನೂನಿನದು. ಮೋಟಾರು ಮೊಕದ್ದಮೆಗಳಲ್ಲಿ ಇದು ನಿಚ್ಚಳ ಸೂತ್ರವಾಗಲು 2010ರ ಅಕ್ಟೋಬರಿನವರೆಗೆ ಕಾಯಬೇಕಾಯಿತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ಎಚ್.ಎಲ್. ಗೋಖಲೆ ಅವರೊಂದಿಗೆ ಕುಳಿತು ಕೊಟ್ಟ ತೀರ್ಪು ಮೂರು ಸಂಗತಿಗಳನ್ನು ಬೇರೆ ಬೇರೆ ಮಾಡಿತು: ಅಂಗದ ಊನ, ಇಡೀ ದೇಹದ ಊನ, ಗಳಿಕೆಯ ನಷ್ಟ. ಒಂದು ಕೈಗೆ 60, ಒಂದು ಕಾಲಿಗೆ 80 ಎಂದರೆ ದೇಹಕ್ಕೆ 140 ಆಗುವುದಿಲ್ಲ ಎಂದು ತೀರ್ಪು ಬಿಡಿಸಿ ಹೇಳಬೇಕಾಯಿತು. ಕೆಳಗಿನ ನ್ಯಾಯಾಲಯಗಳಲ್ಲಿ ಲೆಕ್ಕ ಎಲ್ಲಿಗೆ ಮುಟ್ಟಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎಡಗೈ ಹೋದ ಚಾಲಕ ಅಥವಾ ಬಡಗಿಯ ನಷ್ಟ ಪೂರ್ತಿಯಾಗಬಹುದು. ಅದೇ ಕೈ ಹೋದ ಸರ್ಕಾರಿ ಗುಮಾಸ್ತನ ಸಂಬಳದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗದಿರಬಹುದು. ಊನ ಎಷ್ಟೆಂದು ವೈದ್ಯ ಹೇಳಲಿ, ಅದು ಅನ್ನಕ್ಕೆ ಎಷ್ಟು ತಟ್ಟಿತೆಂಬುದನ್ನು ನ್ಯಾಯಮಂಡಳಿ ತೀರ್ಮಾನಿಸಲಿ ಎಂಬುದು ತೀರ್ಪಿನ ತಿರುಳು.

ಚಿಕಿತ್ಸೆ ಕೊಡದೆಯೇ ಸಿದ್ಧ ಪ್ರಮಾಣಪತ್ರ ಬರೆದುಕೊಡುವ ವೈದ್ಯರ ಬಗ್ಗೆಯೂ ಅದೇ ತೀರ್ಪು ಎಚ್ಚರಿಸಿತು, ಅನುಮಾನವಿದ್ದರೆ ವೈದ್ಯಕೀಯ ಮಂಡಳಿಗೆ ಕಳಿಸಿ ಎಂದಿತು. ಚಿಕಿತ್ಸೆ ಕೊಟ್ಟ ವೈದ್ಯರು ಸಾಕ್ಷಿ ಹೇಳಲು ಏಕೆ ಹಿಂಜರಿಯುತ್ತಾರೆಂಬುದನ್ನೂ ಅದು ಕಡೆಗಣಿಸಲಿಲ್ಲ: ದಿನವಿಡೀ ಕೋರ್ಟಿನ ಬಾಗಿಲಲ್ಲಿ ಕಾಯಿಸಬೇಡಿ, ಸಮಯ ಗೊತ್ತುಮಾಡಿ ಕರೆಯಿರಿ. ಸುಳ್ಳು ಪ್ರಮಾಣಪತ್ರಗಳ ಚರ್ಚೆಯಲ್ಲಿ ವೈದ್ಯರ ನೀತಿಯ ಮಾತೇ ಹೆಚ್ಚು. ನನಗೆ ಕಾಣುವಂತೆ ತಪ್ಪಿನ ಬೇರು ಅಂಕಿಯ ಬೆಲೆಯಲ್ಲೇ ಇದೆ: ಶೇಕಡಾವನ್ನು ಆದಾಯದಿಂದಲೂ ವಯಸ್ಸಿನ ಗುಣಕದಿಂದಲೂ ನೇರವಾಗಿ ಗುಣಿಸುವವರೆಗೆ, ಒಂದೊಂದು ಅಂಕವನ್ನು ಏರಿಸಲು ಒಬ್ಬರಿಗೆ, ಇಳಿಸಲು ಇನ್ನೊಬ್ಬರಿಗೆ ಕಾರಣವಿದ್ದೇ ಇರುತ್ತದೆ.

ಗಳಿಕೆಯ ನಷ್ಟವನ್ನು ನ್ಯಾಯಮಂಡಳಿಯೇ ತೀರ್ಮಾನಿಸಲಿ ಎಂಬ ವಾದಕ್ಕೆ ಗಟ್ಟಿ ಆಕ್ಷೇಪವೊಂದಿದೆ. ಪಟ್ಟಿ ಒರಟಾದರೂ ಎಲ್ಲರಿಗೂ ಒಂದೇ. ನ್ಯಾಯಾಧೀಶರ ಅಂದಾಜು ಆಳಿಗೊಂದು. 2020ರಲ್ಲಿ ಸುಪ್ರೀಂ ಕೋರ್ಟು ನೋಡಿದ ಪ್ರಕರಣದಲ್ಲಿ, ಬಲಗೈ ಕಳೆದುಕೊಂಡ ಬೆರಳಚ್ಚುಗಾರನಿಗೆ ಪ್ರಮಾಣಪತ್ರ 89 ಎಂದಿತ್ತು, ಗಳಿಕೆಯ ನಷ್ಟವನ್ನು ಹೈಕೋರ್ಟು 45 ಎಂದಿತು, ಸುಪ್ರೀಂ ಕೋರ್ಟು 65ಕ್ಕೆ ಏರಿಸಿತು. ಒಂದೇ ಕೈ, ಮೂರು ಅಂಕಿ. ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಕೊನೆಯ ಎರಡು ಅಂಕಿಗಳಿಗೆ ಕಾರಣ ಕೊಡಬೇಕಾಗಿತ್ತು, ಆ ಕಾರಣವನ್ನು ಮೇಲ್ಮನವಿಯಲ್ಲಿ ಪರೀಕ್ಷಿಸಲು ಸಾಧ್ಯವಾಯಿತು. ಎಡತೋಳು ಏಕೆ 60 ಎಂದು 1923ರ ಪಟ್ಟಿಯನ್ನು ಯಾವ ಕೋರ್ಟಿನಲ್ಲೂ ಪಾಟೀಸವಾಲಿಗೆ ನಿಲ್ಲಿಸಲಾಗದು. ಇನ್ನು ಗುಮಾಸ್ತನ ಕೈಗೆ ಬೆಲೆಯೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರ ಬೇರೆ ಶೀರ್ಷಿಕೆಯಲ್ಲಿದೆ: ನೋವು, ಬದುಕಿನ ಸುಖದ ನಷ್ಟ. ಆ ಶೀರ್ಷಿಕೆಗಳಲ್ಲಿ ನಮ್ಮ ನ್ಯಾಯಮಂಡಳಿಗಳು ಕೈ ಬಿಗಿಹಿಡಿಯುತ್ತವೆ ಎಂಬುದು ನಿಜವಾದ ದೂರು, ಆದರೆ ಅದು ಬೇರೆಯೇ ದೂರು.

ಹಳೆಯ ಪಟ್ಟಿ ಮಾತ್ರ ಹಿಂಬಾಗಿಲಿನಿಂದ ಮರಳುತ್ತಲೇ ಇದೆ. ಕರ್ನಾಟಕದ ಮೇಲ್ಮನವಿಗಳಲ್ಲಿ ಅಂಗದ ಊನದ ಮೂರನೇ ಒಂದು ಭಾಗವನ್ನು ಇಡೀ ದೇಹದ್ದೆಂದು ಹಿಡಿಯುವ ರೂಢಿ ಬಲವಾಗಿದೆ. ವೈದ್ಯರು 36 ಎಂದರೆ ಲೆಕ್ಕ 12ಕ್ಕೆ ಇಳಿಯುತ್ತದೆ, ಗಾಯಾಳು ತೆಂಗಿನಮರ ಹತ್ತುವವನೋ ಲೆಕ್ಕ ಬರೆಯುವವನೋ ಎಂದು ಕೇಳುವ ಮೊದಲೇ. 2013ರಲ್ಲಿ ಕರ್ನಾಟಕದಿಂದ ಹೋದ ಬಾಲಕನೊಬ್ಬನ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟೇ ಮಕ್ಕಳಿಗಾಗಿ ಮೆಟ್ಟಿಲು ಕಟ್ಟಿತು: ಊನ ಶೇ. 10ರವರೆಗೆ 1 ಲಕ್ಷ, 30ರವರೆಗೆ 3 ಲಕ್ಷ, 60ರವರೆಗೆ 4 ಲಕ್ಷ, 90ರವರೆಗೆ 5 ಲಕ್ಷ, ಅದರಾಚೆ 6 ಲಕ್ಷ ರೂಪಾಯಿ. ದುಡಿಮೆಯೇ ಇಲ್ಲದ ಕಡೆ ದುಡಿಮೆಯ ನಷ್ಟ ಅಳೆಯುವುದು ಹೇಗೆಂಬ ಕಷ್ಟಕ್ಕೆ ಅದು ಕಂಡ ದಾರಿ. ಏಳು ವರ್ಷದ ಬಳಿಕ, ಪೂರ್ತಿ ಊನಕ್ಕೊಳಗಾದ 12 ವರ್ಷದ ಹುಡುಗಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯ ನುರಿತ ಕೆಲಸಗಾರರ ಕನಿಷ್ಠ ಕೂಲಿಯನ್ನು ಆಧಾರವಾಗಿಟ್ಟುಕೊಂಡು ಆಕೆಯ ಮುಂದಿನ ಗಳಿಕೆಯನ್ನೇ ಲೆಕ್ಕಹಾಕಿತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಮತ್ತೆ ಹಿಂದಕ್ಕೆ ಜಗ್ಗಿದೆ: ತಪ್ಪು ಯಾರದೆಂದು ಸಾಬೀತುಮಾಡದೆ ಕೇಳಬಹುದಾದ ಪರಿಹಾರ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ, ತೀವ್ರ ಎಂದರೇನೆಂಬುದಕ್ಕೆ ದಂಡ ಸಂಹಿತೆಯ ಅದೇ ಎಂಟು ಬಗೆ. ದಂಡ ಸಂಹಿತೆಯ ಜಾಗಕ್ಕೆ ಬಂದ 2023ರ ನ್ಯಾಯ ಸಂಹಿತೆಯಲ್ಲಿ ಆ 20 ದಿನ 15ಕ್ಕೆ ಇಳಿದಿದೆ. ಹೌದೋ ಅಲ್ಲವೋ ಎಂದು ಬರೆಯುವ ಕೆಲಸ ಪುನಃ ಗಾಯದ ಪ್ರಮಾಣಪತ್ರದ ಪಾಲಿಗೆ ಬಂದಿದೆ.