ಎದೆಹಾಲಿನ ಚರಿತ್ರೆ

ರಾಜರ ಚರಿತ್ರೆ ತಾಮ್ರಪಟದಲ್ಲಿದೆ. ಕೂಲಿನಾಲಿ ಮಾಡಿದ ನಮ್ಮ ತಾಯಂದಿರ ಚರಿತ್ರೆಯನ್ನು ಎಲ್ಲಿ ಓದೋದು? ಅವರ ಎದೆಹಾಲಿನಲ್ಲಿ ಓದಬೇಕು.

1951ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ 32 ತಾಯಂದಿರ ಹಾಲು ಪರೀಕ್ಷಿಸಿದ ವರದಿ ಬಂತು. ಹಾಲಿನಲ್ಲಿ ಡಿಡಿಟಿ ಇತ್ತು. ಆ ತಾಯಂದಿರು ಕಪ್ಪು ಜನ. ಡಿಡಿಟಿ ನೀರಿನಲ್ಲಿ ಕರಗೋದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ವರ್ಷಗಟ್ಟಲೆ ತಾಯಿಯ ಮೈಯಲ್ಲಿ ಕೂತು, ಹಾಲಿನ ಜಿಡ್ಡಿನ ಜೊತೆ ಕೂಸಿನ ಬಾಯಿಗಿಳಿಯುತ್ತದೆ.

ನಮ್ಮ ಕರಾವಳಿಗೆ ಬಂದದ್ದು ಎಂಡೋಸಲ್ಫಾನ್. ಹಾಡಿ-ಗುಡ್ಡೆ ಅಂದರೆ ನಮಗೆ ಸೊಪ್ಪು, ಸೌದೆ. ಕೊರಗರಿಗೆ ಬುಟ್ಟಿ ನೇಯುವ ಬಿಳಲು. ಆ ಗುಡ್ಡೆಗಳಲ್ಲಿ ಗೇರು ತೋಟ ಎದ್ದಿತು. 1978ರಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಹುಟ್ಟಿತು. ಗೇರು ಹೂ ಬಿಡುವಾಗ ಟೀ ಸೊಳ್ಳೆ ಚಿಗುರಿನ ರಸ ಹೀರುತ್ತದೆಂದು, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ತೋಟಗಳಿಗೆ 1980ರ ದಶಕದಿಂದ 2000ದ ತನಕ ಹೆಲಿಕಾಪ್ಟರಿನಿಂದ ಮದ್ದು ಸುರಿದರು. ಗುರಿ ಸೊಳ್ಳೆಗೆ. ಆದರೆ ಗಾಳಿಗೆ ಸರ್ವೆ ನಂಬರು ಗೊತ್ತೇ? ಬಾವಿ, ತೋಡು, ದನದ ಹಟ್ಟಿ ಎಲ್ಲವೂ ಅದೇ ಗುಡ್ಡೆಯ ಬುಡದಲ್ಲಿ.

ಗಡಿಯಾಚೆ ಕಾಸರಗೋಡಿನ ಕನ್ನಡದ ಹಳ್ಳಿ ಪಡ್ರೆಯಲ್ಲಿ, 2001ರಲ್ಲಿ, ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ರಕ್ತವನ್ನೂ ಎದೆಹಾಲನ್ನೂ ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಎಂದಿತು. ಅಲ್ಲಿನ ತೋಟದ ನಿಗಮ ಮಾಡಿಸಿದ ವರದಿ ಇಲ್ಲ ಎಂದಿತು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಗೆ ಶಾಲಾಮಕ್ಕಳ ರಕ್ತದಲ್ಲೇ ಅದು ಸಿಕ್ಕಿತು. ವರದಿಗಳು ಜಗಳಾಡುತ್ತಿದ್ದಾಗಲೂ ಕೂಸು ಹಾಲು ಕುಡಿಯುತ್ತಲೇ ಇತ್ತು.

2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಜಗತ್ತಿನ ದೇಶಗಳು ಸೇರಿ ಈ ವಿಷವನ್ನು ನಿಷೇಧದ ಪಟ್ಟಿಗೆ ಹಾಕಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆಯಿತು. ಸರ್ಕಾರ ಸಂತ್ರಸ್ತರ ಪಟ್ಟಿ ಮಾಡಿತು. ಅದರಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳೂ ಇವೆ. ಅಂಗವೈಕಲ್ಯದ ಶೇಕಡಾ ಅಳೆದು ಮಾಸಾಶನ ಕೊಡುತ್ತಾರೆ. ಮಗನನ್ನು ಇಡೀ ದಿನ ಎತ್ತಿಳಿಸುವ ತಾಯಿಯ ಸೊಂಟಕ್ಕೆ ಯಾವ ಶೇಕಡಾ? ಅವಳ ಹಾಲಿಗೆ ಯಾವ ಕಾಲಂ?

ಇದನ್ನೋದಿ ಯಾವ ತಾಯಿಯೂ ಕೂಸನ್ನು ಎದೆಯಿಂದ ಬಿಡಿಸುವುದು ಬೇಡ. ಎದೆಹಾಲಿಗೆ ಸಮನಾದದ್ದು ಡಬ್ಬದಲ್ಲಿ ಸಿಗೋದಿಲ್ಲ ಎಂದು ವೈದ್ಯರೂ ಹೇಳುತ್ತಾರೆ. ತಪ್ಪು ಹಾಲಿನದಲ್ಲ, ಕುಡಿಸಿದವಳದ್ದೂ ಅಲ್ಲ. ಗೇರುಬೀಜ ಹಡಗು ಹತ್ತಿ ಹೋಯಿತು, ಲಾಭವೂ ಹೋಯಿತು. ಗುಡ್ಡೆಯ ಕೆಳಗೆ ಉಳಿದದ್ದು ನಾವು. ಲೆಕ್ಕ ಕೇಳಬೇಕಾದವರೂ ನಾವೇ.